ಹೊಗೆಗೆ ವಿಳಾಸ ಸಿಕ್ಕ ಕತೆ

ಶಿವರಾತ್ರಿ ಕಳೆಯಿತೆಂದರೆ ಕೈವಾರದ ಬೆಟ್ಟದ ಬಣ್ಣವೇ ಬೇರೆ. ಮಳೆಗಾಲದಲ್ಲಿ ಬೆಳೆದ ಹುಲ್ಲು ಒಣಗಿ ಕಂದಾಗಿರುತ್ತದೆ. ಕುರುಚಲು ಗಿಡಗಳ ತರಗೆಲೆ ಬಂಡೆಗಳ ಸಂದಿಯಲ್ಲಿ ರಾಶಿ ಬಿದ್ದಿರುತ್ತದೆ. ಅಲ್ಲಿಂದ ಮುಂದೆ ಮೊದಲ ಮಳೆ ಬೀಳುವವರೆಗೂ ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ಸೀಮೆಯ ಒಣಗುಡ್ಡಗಳಿಗೆಲ್ಲ ಬೆಂಕಿಯ ಕಾಲ. ಭೀಮನು ಬಕಾಸುರನನ್ನು ಕೊಂದ ಏಕಚಕ್ರಪುರ ಇದೇ ಎಂದು ಸ್ಥಳಪುರಾಣ ಹೇಳುವ ಈ ಊರಿನಲ್ಲಿ, ಬೆಟ್ಟದ ಮೇಲೆ ಹೊಗೆಯ ಎಳೆಯೊಂದು ಎದ್ದರೆ ಸಾಕು, ‘ಬೆಟ್ಟಕ್ಕೆ ಬೆಂಕಿ ಬಿತ್ತು’ ಎನ್ನುತ್ತಾರೆ. ಬೆಂಕಿಯನ್ನು ಅವರು ಕಂಡಿರುವುದಿಲ್ಲ; ಹೊಗೆಯನ್ನಷ್ಟೇ ಕಂಡಿರುತ್ತಾರೆ.

ಭಾರತೀಯ ತರ್ಕಶಾಸ್ತ್ರ ಶತಮಾನಗಳಿಂದ ಕಲಿಸುತ್ತ ಬಂದಿರುವ ಮೊದಲ ಪಾಠವೂ ಇದೇ. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ಊಹಿಸಬಹುದು. ಹೊಗೆಯೂ ಬೆಂಕಿಯೂ ಜೊತೆಗಿರುತ್ತವೆ ಎನ್ನುವುದಕ್ಕೆ ಅಡುಗೆಮನೆಯೇ ದೃಷ್ಟಾಂತ. ಬೆಂಕಿ ಇಲ್ಲದಲ್ಲಿ ಹೊಗೆಯೂ ಇಲ್ಲ ಎನ್ನುವುದಕ್ಕೆ ನೀರಿನ ಮಡು ದೃಷ್ಟಾಂತ. ಹದಿನೇಳನೆಯ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಓದಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ಬೆಟ್ಟವನ್ನು ಹತ್ತಿ ಇಳಿದವನೇ.

ಆದರೆ ಈ ತರ್ಕಕ್ಕೂ ಒಂದು ಮಿತಿ ಇದೆ. ಬೇಸಿಗೆಯ ಕೆಲವು ಬೆಳಗಿನಲ್ಲಿ ಸುತ್ತಲಿನ ಯಾವ ಗುಡ್ಡದಲ್ಲೂ ಬೆಂಕಿ ಇರುವುದಿಲ್ಲ. ಆದರೂ ದಿಗಂತ ಮಸುಕಾಗಿರುತ್ತದೆ. ಎಂದಿನಂತೆ ಕಾಣಬೇಕಾದ ದೂರದ ಬೆಟ್ಟಗಳು ಕಾಣುವುದಿಲ್ಲ. ಅದು ಮಂಜೋ, ಹೊಗೆಯೋ, ದೂಳೋ? ಹೊಗೆಯೇ ಆಗಿದ್ದರೆ ಯಾವ ಊರಿನ ಬೆಂಕಿಯದು? ದೂಳೇ ಆಗಿದ್ದರೆ ಯಾವ ನೆಲದ್ದು? ಕಣ್ಣಿಗೆ ಕಾಣುವ ಬೆಟ್ಟದಿಂದ ಹೊಗೆ ಕಳಚಿಕೊಂಡು ನೂರಾರು ಮೈಲಿ ಸಾಗಿದ ಮೇಲೆ ಅದರ ಮೂಲವನ್ನು ಹುಡುಕುವುದು ನೆಲದ ಮೇಲೆ ನಿಂತವರಿಗೆ ಅಸಾಧ್ಯವಾಗಿತ್ತು. ಗಾಳಿಯಲ್ಲಿ ತೇಲಿ ಬಂದದ್ದಕ್ಕೆ ವಿಳಾಸ ಇರಲಿಲ್ಲ. ಆ ವಿಳಾಸವನ್ನು ಒದಗಿಸಿದ್ದು ಉಪಗ್ರಹಗಳು. ಅದೂ ಬಹುಮಟ್ಟಿಗೆ ಅಕಸ್ಮಾತ್ತಾಗಿ.

ಹಡಗಿನ ಮೇಲಿನ ದೂಳು

ದೂರದ ಘಟನೆಯ ಮೂಲವನ್ನು ಕುಳಿತಲ್ಲೇ ಪತ್ತೆಹಚ್ಚುವ ಕೆಲಸ ಈ ಜಿಲ್ಲೆಗೆ ಹೊಸದಲ್ಲ. ಕೈವಾರದಂತೆಯೇ 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರಿನಲ್ಲಿ 1965ರಲ್ಲಿ ಬ್ರಿಟನ್ನಿನ ಸಹಕಾರದೊಡನೆ ಅಣುಶಕ್ತಿ ಇಲಾಖೆಯ ಭೂಕಂಪಮಾಪಕಗಳ ಸಾಲು ಸ್ಥಾಪನೆಯಾಯಿತು. ಭೂಮಿಯ ಮತ್ತೊಂದು ಮಗ್ಗುಲಿನಲ್ಲಿ ಅಣುಬಾಂಬ್ ಪರೀಕ್ಷೆ ನಡೆದರೂ ಅದರ ಕಂಪನ ಇಲ್ಲಿನ ಬಂಡೆಗಳಿಗೆ ತಲುಪುತ್ತದೆ. ಸಾಲಿನ ಒಂದು ಮಾಪಕಕ್ಕೂ ಇನ್ನೊಂದಕ್ಕೂ ಅದು ತಲುಪುವ ವೇಳೆಯಲ್ಲಿ ಆಗುವ ವ್ಯತ್ಯಾಸದಿಂದ ಅದು ಬಂದ ದಿಕ್ಕನ್ನು ಲೆಕ್ಕ ಹಾಕಬಹುದು. ನೆಲದ ನಡುಕಕ್ಕೆ ಹೀಗೆ ವಿಳಾಸ ಸಿಕ್ಕಿತು. ಗಾಳಿಯ ವಿಷಯದಲ್ಲಿ ಇದು ಇಷ್ಟು ಸುಲಭವಾಗಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಶೋಧ ನಡೆದದ್ದು ಹಡಗುಗಳ ಮೂಲಕ. 1832ರ ಜನವರಿಯಲ್ಲಿ ಚಾರ್ಲ್ಸ್ ಡಾರ್ವಿನ್ ಇದ್ದ ‘ಬೀಗಲ್’ ಹಡಗು ಆಫ್ರಿಕದ ಪಶ್ಚಿಮಕ್ಕಿರುವ ಕೇಪ್ ವರ್ಡ್ ದ್ವೀಪಗಳನ್ನು ತಲುಪಿದಾಗ ಆಕಾಶ ಮಬ್ಬಾಗಿತ್ತು. ಕಂದು ಬಣ್ಣದ ನುಣುಪು ದೂಳು ಉದುರುತ್ತಿತ್ತು. ಡಾರ್ವಿನ್ ಅದನ್ನು ಒಟ್ಟುಮಾಡಿದ. ಬೇರೆ ಹಡಗುಗಳ ಮೇಲೆ ಬಿದ್ದ ದೂಳಿನ ವಿವರವನ್ನೂ ಸಂಗ್ರಹಿಸಿ, ಬರ್ಲಿನ್ನಿನ ಎಹ್ರೆನ್‌ಬರ್ಗ್‌ಗೆ ಪರೀಕ್ಷೆಗೆಂದು ಕಳಿಸಿದ. 1846ರಲ್ಲಿ ಅವನು ಪ್ರಕಟಿಸಿದ ಲೇಖನದ ಪ್ರಕಾರ, ಆಫ್ರಿಕದ ಕರಾವಳಿಯಿಂದ ಸಾವಿರ ಮೈಲಿಗೂ ದೂರದಲ್ಲಿದ್ದ ಹಡಗುಗಳ ಮೇಲೂ ದೂಳು ಬಿದ್ದಿತ್ತು.

ದಕ್ಷಿಣ ಭಾರತದ ಆಕಾಶಕ್ಕೆ ಇಂಥ ಅತಿಥಿ ಬಂದದ್ದು 1883ರಲ್ಲಿ. ಆ ವರ್ಷದ ಆಗಸ್ಟ್ 27ರಂದು ಇಂದಿನ ಇಂಡೋನೇಷ್ಯದ ಕ್ರಕಟೋವ ಜ್ವಾಲಾಮುಖಿ ಸಿಡಿಯಿತು. ಸೆಪ್ಟೆಂಬರಿನಲ್ಲಿ ಮದರಾಸಿನ ಜನ ಹಸಿರು ಸೂರ್ಯನನ್ನು ಕಂಡರು. ಮುಂದೆ ಕೊಡೈಕೆನಾಲ್ ವೀಕ್ಷಣಾಲಯದ ಮೊದಲ ನಿರ್ದೇಶಕರಾದ ಮಿಚಿ ಸ್ಮಿತ್ ಅದನ್ನು ಗಮನಿಸಿ ದಾಖಲಿಸಿದರು. ಹಲವು ದೇಶಗಳಿಂದ, ಹಡಗುಗಳಿಂದ ಇಂಥ ವರದಿಗಳನ್ನು ತರಿಸಿಕೊಂಡು, ಯಾವ ಊರಿನಲ್ಲಿ ಯಾವ ದಿನ ಸೂರ್ಯನ ಬಣ್ಣ ಬದಲಾಯಿತೆಂದು ಜೋಡಿಸಿ, ಬೂದಿಯ ಮೋಡ ಸುಮಾರು ಎರಡು ವಾರಗಳಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಿತೆಂದು ವಿದ್ವಾಂಸರು ತೀರ್ಮಾನಿಸಿದರು. ಲಂಡನ್ನಿನ ರಾಯಲ್ ಸೊಸೈಟಿ ನೇಮಿಸಿದ ಸಮಿತಿ ತನ್ನ ವರದಿಯನ್ನು ಹೊರತಂದದ್ದು 1888ರಲ್ಲಿ. ಒಂದು ಮೋಡದ ದಾರಿಯನ್ನು ಗುರುತಿಸಲು ಐದು ವರ್ಷ ಬೇಕಾಯಿತು.

ಕಸವೆಂದು ತೆಗೆದದ್ದೇ ಕಣಜ

ಉಪಗ್ರಹಗಳು ಬಂದಾಗ ಅವುಗಳ ಗಮನ ಇದ್ದದ್ದು ಮೋಡಗಳ ಮೇಲೆ. ಚಂಡಮಾರುತ ಎಲ್ಲಿದೆ, ಮುಂಗಾರು ಎಲ್ಲಿಯವರೆಗೆ ಬಂದಿದೆ ಎಂಬುದನ್ನು ತಿಳಿಯುವುದೇ ಮುಖ್ಯ ಉದ್ದೇಶ. ಭಾರತದಲ್ಲಿಯೂ ಹಾಗೆಯೇ. 1983ರ ಆಗಸ್ಟ್‌ನಲ್ಲಿ ಕಕ್ಷೆಗೆ ಏರಿದ ಇನ್‌ಸ್ಯಾಟ್-1ಬಿ ಕಳಿಸುತ್ತಿದ್ದ ಮೋಡದ ಚಿತ್ರಗಳು ದೂರದರ್ಶನದ ವಾರ್ತೆಯ ಕೊನೆಯಲ್ಲಿ ಮನೆಮನೆಗೆ ಪರಿಚಿತವಾದವು. ಆ ಸರಣಿಯ ಉಪಗ್ರಹಗಳ ನಿಯಂತ್ರಣ ಕೇಂದ್ರ ಇರುವುದು ಹಾಸನದಲ್ಲಿ.

1978 ಈ ಇತಿಹಾಸದಲ್ಲಿ ಮುಖ್ಯವಾದ ವರ್ಷ. ಆ ಅಕ್ಟೋಬರಿನಲ್ಲಿ ಅಮೆರಿಕ ಎರಡು ಉಪಗ್ರಹಗಳನ್ನು ಹಾರಿಸಿತು. ಹವಾಮಾನಕ್ಕೆಂದು ಹಾರಿದ ಟೈರೋಸ್-ಎನ್ ಒಂದು. ಓಜೋನ್ ಅಳೆಯುವ ‘ಟಾಮ್ಸ್’ ಉಪಕರಣವನ್ನು ಹೊತ್ತ ನಿಂಬಸ್-7 ಇನ್ನೊಂದು. ಕಾಡಿನ ಬೆಂಕಿಯನ್ನಾಗಲಿ ಮರುಭೂಮಿಯ ದೂಳನ್ನಾಗಲಿ ನೋಡುವುದು ಎರಡರ ಕೆಲಸವೂ ಆಗಿರಲಿಲ್ಲ.

ಟೈರೋಸ್ ಸರಣಿಯ ಉಪಗ್ರಹಗಳ ಕ್ಯಾಮೆರಾದಲ್ಲಿ ಮೋಡ ಮತ್ತು ಸಮುದ್ರದ ಉಷ್ಣತೆಯನ್ನು ಅಳೆಯಲು ಅವಕೆಂಪು ಕಿರಣಗಳನ್ನು ಗ್ರಹಿಸುವ ವ್ಯವಸ್ಥೆ ಇತ್ತು. ಅದರ ಚಿತ್ರಗಳಲ್ಲಿ ರಾತ್ರಿಯ ಹೊತ್ತು ಅಲ್ಲಲ್ಲಿ ವಿಪರೀತ ಬಿಸಿಯ ಚುಕ್ಕೆಗಳು ಕಾಣಿಸಿದವು. ಅವು ತೈಲಬಾವಿಗಳಲ್ಲಿ ಉರಿಯುವ ಅನಿಲದ ಜ್ವಾಲೆ, ಉಕ್ಕಿನ ಕುಲುಮೆ, ಕಾಡಿನ ಬೆಂಕಿ ಎಂದು 1980ರ ದಶಕದ ಆರಂಭದಲ್ಲಿ ಗುರುತಿಸಲಾಯಿತು. 1987ರಲ್ಲಿ ಬ್ರೆಜಿಲ್ ದೇಶದ ಬಾಹ್ಯಾಕಾಶ ಸಂಸ್ಥೆಯ ಅಲ್ಬರ್ಟೊ ಸೆಟ್ಜರ್ ಇದೇ ವಿಧಾನದಿಂದ ಅಮೆಜಾನ್ ಕಾಡಿನ ಬೆಂಕಿಗಳನ್ನು ಎಣಿಸಿದಾಗ ಜಗತ್ತು ಬೆಚ್ಚಿತು.

ಟಾಮ್ಸ್‌ನದು ಇನ್ನೂ ಸ್ವಾರಸ್ಯದ ಕತೆ. ಭೂಮಿಯಿಂದ ಹಿಂದಿರುಗುವ ಅತಿನೇರಳೆ ಕಿರಣಗಳನ್ನು ಅಳೆದು ಓಜೋನ್ ಎಷ್ಟಿದೆ ಎಂದು ಅದು ಹೇಳುತ್ತಿತ್ತು. ಕೆಲವು ಪ್ರದೇಶಗಳಲ್ಲಿ ಮಾತ್ರ ಲೆಕ್ಕ ಹೊಂದುತ್ತಿರಲಿಲ್ಲ. ಈ ಹೊಂದದ ಭಾಗವನ್ನು ಓಜೋನ್ ಲೆಕ್ಕದಿಂದ ದೋಷವೆಂದು ಬದಿಗಿಡಬೇಕಾಗುತ್ತಿತ್ತು. 1996-97ರ ಸುಮಾರಿಗೆ ನಾಸಾದ ಕ್ರಿಸ್ಟಿನಾ ಶು, ಜೇ ಹರ್ಮನ್, ಒಮರ್ ಟೊರೆಸ್ ಮೊದಲಾದವರು ಆ ದೋಷವನ್ನೇ ಅಧ್ಯಯನ ಮಾಡಿದರು. ದೋಷ ಇದ್ದಲ್ಲೆಲ್ಲ ಹೊಗೆ ಅಥವಾ ದೂಳು ಇತ್ತು! ನಿಂಬಸ್-7ರ ಟಾಮ್ಸ್ ಕೆಲಸ ನಿಲ್ಲಿಸಿದ್ದು 1993ರ ಮೇ ತಿಂಗಳಲ್ಲಿ. ಅದು ಸತ್ತ ಮೇಲೆ, ಅದರ ಹಳೆಯ ದಾಖಲೆಗಳಿಂದ 1978ರಿಂದೀಚಿನ ಜಗತ್ತಿನ ಹೊಗೆ-ದೂಳಿನ ಚರಿತ್ರೆ ಹೊರಬಂತು.

ನೋಡುವ ಬಗೆ

ಉಪಗ್ರಹ ಇದನ್ನೆಲ್ಲ ನೋಡುವ ಬಗೆ ಅಷ್ಟೇನೂ ಜಟಿಲವಲ್ಲ. ಪ್ರತಿಯೊಂದು ವಸ್ತುವೂ ತನ್ನ ಉಷ್ಣತೆಗೆ ತಕ್ಕ ಕಿರಣಗಳನ್ನು ಹೊರಸೂಸುತ್ತದೆ. ಸಾಧಾರಣ ನೆಲ ಹೆಚ್ಚಾಗಿ ಸೂಸುವುದು ಸುಮಾರು 10 ಮೈಕ್ರಾನ್ ತರಂಗದೂರದ ಅವಕೆಂಪು ಕಿರಣಗಳನ್ನು. ಉರಿಯುವ ಹುಲ್ಲು, ಸೌದೆ ಸೂಸುವುದು ಸುಮಾರು 4 ಮೈಕ್ರಾನ್‌ನವನ್ನು. ಎರಡನ್ನೂ ಹೋಲಿಸಿದರೆ, ಒಂದು ಚದರ ಕಿಲೋಮೀಟರಿನಷ್ಟು ನೆಲದಲ್ಲಿ ಒಂದು ಸಣ್ಣ ಭಾಗ ಉರಿಯುತ್ತಿದ್ದರೂ ಆ ಚುಕ್ಕೆ ಎದ್ದು ಕಾಣುತ್ತದೆ. 1999ರಲ್ಲಿ ಹಾರಿದ ಟೆರಾ, 2002ರಲ್ಲಿ ಹಾರಿದ ಆಕ್ವಾ ಉಪಗ್ರಹಗಳ ‘ಮೋಡಿಸ್’ ಉಪಕರಣ ಬೆಂಕಿಯನ್ನು ಗುರುತಿಸಿದ್ದು ಹೀಗೆ. 2011ರ ನಂತರ ಬಂದ ‘ವಿಯರ್ಸ್’ ಉಪಕರಣ ನೆಲವನ್ನು 375 ಮೀಟರಿನ ಚೌಕಗಳಾಗಿ ನೋಡುವುದರಿಂದ ಇನ್ನೂ ಚಿಕ್ಕ ಬೆಂಕಿಗಳು ಅದಕ್ಕೆ ಸಿಗುತ್ತವೆ.

ಹೊಗೆ, ದೂಳುಗಳನ್ನು ಹಿಡಿಯುವುದು ಇನ್ನೊಂದು ಉಪಾಯದಿಂದ. ಶುದ್ಧ ಗಾಳಿ ಅತಿನೇರಳೆ ಕಿರಣಗಳನ್ನು ಚದುರಿಸಿ ಮೇಲಕ್ಕೆ ಕಳಿಸುತ್ತದೆ. ಮಸಿ, ಮಣ್ಣಿನ ಕಣಗಳು ನಡುವೆ ಬಂದರೆ ಅವುಗಳಲ್ಲಿ ಸ್ವಲ್ಪವನ್ನು ಹೀರುತ್ತವೆ. ಬರಬೇಕಾದಷ್ಟು ಬಾರದಿದ್ದರೆ ನಡುವೆ ಏನೋ ಇದೆ ಎಂದು ಅರ್ಥ. ಹೊಳೆಯುವ ಮರಳಿನ ಮೇಲೂ ಇದು ಕೆಲಸ ಮಾಡುತ್ತದೆ. ಇನ್ನು, ಆ ಪದರ ಎಷ್ಟು ಎತ್ತರದಲ್ಲಿದೆ? 2006ರಿಂದ 2023ರವರೆಗೆ ಕೆಲಸ ಮಾಡಿದ ಕ್ಯಾಲಿಪ್ಸೊ ಉಪಗ್ರಹ ಲೇಸರ್ ಬೆಳಕನ್ನು ಕೆಳಕ್ಕೆ ಹಾಯಿಸಿ, ಅದು ಮರಳಿ ಬರುವ ವೇಳೆಯನ್ನು ಅಳೆದು ಇದಕ್ಕೆ ಉತ್ತರ ಹೇಳಿತು.

ಈ ಕಣ್ಣುಗಳಿಗೆ ಕಂಡ ಸಂಗತಿಗಳು ಹಳೆಯ ಊಹೆಗಳನ್ನು ಮೀರಿದ್ದವು. ದೂಳಿನ ಬಹುದೊಡ್ಡ ಮೂಲಗಳು ಮರಳುದಿಬ್ಬಗಳಲ್ಲ, ಒಣಗಿದ ಪ್ರಾಚೀನ ಸರೋವರಗಳ ಅಂಗಳಗಳು ಎಂದು ಟಾಮ್ಸ್ ದಾಖಲೆಗಳಿಂದ ತಿಳಿಯಿತು. ಆಫ್ರಿಕದ ಚಾಡ್ ದೇಶದ ಬೊಡೆಲೆ ತಗ್ಗು ಅವುಗಳಲ್ಲಿ ಒಂದು. ಒಣಗಿದ ಕೆರೆಯಂಗಳದ ಮೆಕ್ಕಲು ಗಾಳಿಗೆ ಏಳುವುದನ್ನು ಕಂಡಿರುವ ಬಯಲುಸೀಮೆಯವರಿಗೆ ಇದು ಆಶ್ಚರ್ಯವೆನಿಸಲಾರದು. ಕ್ಯಾಲಿಪ್ಸೊ 2007ರಿಂದ 2013ರವರೆಗೆ ಮಾಡಿದ ಅಳತೆಗಳಂತೆ, ಆಫ್ರಿಕದಿಂದ ಪಶ್ಚಿಮಕ್ಕೆ ವರ್ಷಕ್ಕೆ ಸರಾಸರಿ 18 ಕೋಟಿ ಟನ್ನಿಗೂ ಹೆಚ್ಚು ದೂಳು ಹೊರಡುತ್ತದೆ. ಅದರಲ್ಲಿ ಸುಮಾರು 2 ಕೋಟಿ 77 ಲಕ್ಷ ಟನ್ ಅಮೆಜಾನ್ ಕಾಡಿನ ಮೇಲೆ ಬೀಳುತ್ತದೆ. ಅಲ್ಲಿನ ಮಣ್ಣು ಮಳೆಗೆ ಕಳೆದುಕೊಳ್ಳುವ ರಂಜಕವನ್ನು ಈ ದೂಳು ತುಂಬಿಕೊಡುತ್ತದೆ.

ಅರಬ್ಬಿ ಸಮುದ್ರದ ಮೇಲೂ ಇಂಥದೇ ಸಂಚಾರವಿದೆ. 2022ರ ಜನವರಿ 23ರಂದು ಪಾಕಿಸ್ತಾನದ ಕಡೆಯಿಂದ ಸಮುದ್ರ ದಾಟಿ ಬಂದ ದೂಳು ಗುಜರಾತ್, ಮುಂಬೈಗಳನ್ನು ಮುಸುಕಿತು. ಅದು ಹೊರಟ ಜಾಗ, ಬಂದ ದಾರಿ ಎರಡೂ ಉಪಗ್ರಹ ಚಿತ್ರಗಳಲ್ಲಿ ಸ್ಪಷ್ಟವಾಗಿದ್ದವು. ಬೇಸಿಗೆಯಲ್ಲಿ ಅರಬ್ ನಾಡುಗಳಿಂದ ಏಳುವ ದೂಳಿಗೂ ಮುಂಗಾರಿಗೂ ಸಂಬಂಧವಿದೆ ಎಂದು ವಿ. ವಿನೋಜ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ಈ ದೂಳು ಬಿಸಿಲನ್ನು ಹೀರಿ ಗಾಳಿಯನ್ನು ಕಾಯಿಸುತ್ತದೆ. ಅದರಿಂದ ತೇವ ತುಂಬಿದ ಗಾಳಿಯ ಸೆಳೆತ ಹೆಚ್ಚಿ, ಒಂದು ವಾರದೊಳಗೆ ಮಧ್ಯಭಾರತದಲ್ಲಿ ಮಳೆ ಹೆಚ್ಚಬಹುದು. ಬೇರೆಯವರ ಮರುಭೂಮಿಯೂ ಇಲ್ಲಿನ ಮಳೆಯ ಲೆಕ್ಕದಲ್ಲಿ ಸೇರಿದೆ ಎಂದಾಯಿತು.

ವಿಳಾಸದ ಹಿಂದೆ ವ್ಯಾಜ್ಯ

ವಿಳಾಸ ಸಿಕ್ಕಿದರೆ ಸಾಲದು. ಅದರ ಹಿಂದೆಯೇ ಹೊಣೆಯ ಪ್ರಶ್ನೆ ಬರುತ್ತದೆ. ಇದರ ಅನುಭವ ಭಾರತಕ್ಕೆ ಬೇಗನೆ ಆಯಿತು. 1999ರ ಜನವರಿಯಿಂದ ಮಾರ್ಚ್‌ವರೆಗೆ ‘ಇಂಡೊಎಕ್ಸ್’ ಎಂಬ ಅಂತರರಾಷ್ಟ್ರೀಯ ಅಧ್ಯಯನ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕದಲ್ಲಿ ನೆಲೆಸಿದ ವಿ. ರಾಮನಾಥನ್ ಅದರ ನೇತೃತ್ವ ವಹಿಸಿದವರಲ್ಲಿ ಒಬ್ಬರು. ಉಪಗ್ರಹ, ವಿಮಾನ, ಹಡಗುಗಳ ಅಳತೆಗಳಿಂದ, ಉತ್ತರ ಹಿಂದೂ ಮಹಾಸಾಗರದ ಮೇಲೆ ಸುಮಾರು ಮೂರು ಕಿಲೋಮೀಟರ್ ಎತ್ತರದವರೆಗೆ ಕಂದು ಬಣ್ಣದ ಮಬ್ಬು ಹರಡಿರುವುದು ಖಚಿತವಾಯಿತು. ವಾಹನ, ಕಾರ್ಖಾನೆಗಳ ಹೊಗೆಯ ಜೊತೆಗೆ ಸೌದೆ, ಸಗಣಿ ಉರಿಸಿದ ಹೊಗೆಯೂ ಅದರಲ್ಲಿತ್ತು.

2002ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಇದನ್ನು ‘ಏಷ್ಯದ ಕಂದು ಮೋಡ’ ಎಂದು ಕರೆದು ವರದಿ ಹೊರಡಿಸಿತು. ಆ ಹೆಸರೇ ಜಗಳಕ್ಕೆ ಕಾರಣವಾಯಿತು. ವಿಜ್ಞಾನ ಸಂಸ್ಥೆಯ ಜೆ. ಶ್ರೀನಿವಾಸನ್ ಮತ್ತು ಸುಲೋಚನಾ ಗಾಡ್ಗೀಳ್ ಅದೇ ವರ್ಷ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವರದಿಯನ್ನು ಕಟುವಾಗಿ ವಿಮರ್ಶಿಸಿದರು. ಚಳಿಗಾಲದಿಂದ ಬೇಸಿಗೆಯ ಆರಂಭದವರೆಗಿನ ಮಬ್ಬನ್ನು ಹಿಡಿದುಕೊಂಡು ಮುಂಗಾರಿನ ಮೇಲೆ, ಬೆಳೆಯ ಮೇಲೆ ಇಷ್ಟೆಲ್ಲ ಪರಿಣಾಮವಾಗುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ ಎಂಬುದು ಅವರ ವಾದದ ಒಂದು ಮುಖ್ಯ ಅಂಶ. ರಾಮನಾಥನ್ ಮತ್ತು ಸಂಗಡಿಗರು ಉತ್ತರ ಕೊಟ್ಟರು. ಮುಂದೆ ಯೋಜನೆಯ ಹೆಸರಿನಿಂದ ‘ಏಷ್ಯ’ ಹೋಗಿ ‘ವಾಯುಮಂಡಲದ ಕಂದು ಮೋಡ’ ಎಂದಾಯಿತು. ಮಬ್ಬು ಇದೆ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಅದನ್ನು ಯಾರ ಹೆಸರಿಗೆ ಬರೆಯಬೇಕು, ಅದರಿಂದ ಆದದ್ದೇನು ಎಂಬುದೇ ವಿವಾದವಾಗಿತ್ತು.

ಕರ್ನಾಟಕದಲ್ಲಿ ಉಪಗ್ರಹ ಸಾಕ್ಷಿಯಾಗಿ ಬಂದದ್ದು 2019ರಲ್ಲಿ. ಫೆಬ್ರುವರಿ 21ರ ಸುಮಾರಿಗೆ ಬಂಡೀಪುರದ ಕಾಡಿಗೆ ಬಿದ್ದ ಬೆಂಕಿ ಒಣ ಲಂಟಾನ ಪೊದೆಗಳ ನಡುವೆ ಓಡಿ ಗೋಪಾಲಸ್ವಾಮಿ ಬೆಟ್ಟದ ಇಳಿಜಾರುಗಳನ್ನು ಸುಟ್ಟಿತು. ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾಯಿತು. ಸುಟ್ಟದ್ದು ಎಷ್ಟು ಎಂಬ ಬಗ್ಗೆ ಆ ದಿನಗಳಲ್ಲಿ ಬಾಯಿಗೊಂದು ಅಂಕಿ ಕೇಳಿಬಂತು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರಗಳಲ್ಲಿ ಕರಕಲಾದ ನೆಲವನ್ನು ಅಳೆದು ಹತ್ತು ಸಾವಿರ ಎಕರೆಗೂ ಹೆಚ್ಚು ಎಂದಿತು. ಎಕರೆಗಳ ಲೆಕ್ಕಕ್ಕೆ ಕಾಡಿನಲ್ಲಿದ್ದವರ ಅಂದಾಜನ್ನೇ ನಂಬುವ ಕಾಲ ಮುಗಿದಿತ್ತು.

ಕಣ್ಣು ತಪ್ಪಿಸಿದ ಬೆಂಕಿ

ಹಾಗೆಂದು ಉಪಗ್ರಹಕ್ಕೆ ಎಲ್ಲವೂ ಕಾಣುತ್ತದೆ ಎನ್ನುವಂತಿಲ್ಲ. ಬೆಂಕಿ ಹುಡುಕುವ ಧ್ರುವೀಯ ಉಪಗ್ರಹಗಳು ಒಂದು ಊರಿನ ಮೇಲೆ ಹಾಯುವುದು ದಿನಕ್ಕೆ ಕೆಲವೇ ಸಲ, ಹೆಚ್ಚುಕಡಿಮೆ ಗೊತ್ತಾದ ಹೊತ್ತಿಗೆ. ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಅದು ದಾಟಿದ ಮೇಲೆ ಹೊತ್ತಿಸಿ, ಸಂಜೆಯೊಳಗೆ ಆರಿದ ಬೆಂಕಿ ಅದರ ಲೆಕ್ಕಕ್ಕೆ ಸಿಗದೆ ಹೋಗಬಹುದು. ಪಂಜಾಬ್, ಹರಿಯಾಣದ ಗದ್ದೆಗಳಲ್ಲಿ ಭತ್ತದ ಕೂಳೆ ಸುಡುವುದು ಹೀಗೆ ಮಧ್ಯಾಹ್ನದ ನಂತರಕ್ಕೆ ಸರಿದಿದೆ ಎಂದು ನಾಸಾದ ಹಿರೇನ್ ಜೇಠ್ವಾ 2024ರಲ್ಲಿ ಗಮನ ಸೆಳೆದರು. ಬೆಂಕಿಯ ಎಣಿಕೆ ಇಳಿದಿದ್ದರೂ ಹೊಗೆ ಅಷ್ಟಾಗಿ ಇಳಿದಿರಲಿಲ್ಲ. ಇನ್‌ಸ್ಯಾಟ್-3ಡಿ ಸರಣಿಯಂಥ ಭೂಸ್ಥಿರ ಉಪಗ್ರಹಗಳು ಒಂದೇ ಕಡೆ ನಿಂತು ಅರ್ಧ ಗಂಟೆಗೊಮ್ಮೆ ನೋಡುತ್ತವೆ. ಆದರೆ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಿಂದ ನೋಡುವ ಅವುಗಳಿಗೆ ಸಣ್ಣ ಬೆಂಕಿ ಕಾಣುವುದು ಕಷ್ಟ.

ಉಪಗ್ರಹ ಅಳೆಯುವುದು ಮೇಲಿನಿಂದ ನೆಲದವರೆಗಿನ ಇಡೀ ಗಾಳಿಯನ್ನು. ಹೊಗೆಯ ಪದರ ಮೂರು ಕಿಲೋಮೀಟರ್ ಮೇಲೆ ಇದ್ದರೆ ಚಿತ್ರದಲ್ಲಿ ದಟ್ಟವಾಗಿ ಕಾಣುತ್ತದೆ, ಕೆಳಗಿನವರ ಉಸಿರಿಗೆ ಅಷ್ಟು ತಾಗುವುದಿಲ್ಲ. ಇದಕ್ಕೆ ಪ್ರತಿಯಾಗಿ, ಜಲ್ಲಿ ಕ್ರಷರಿನಿಂದ ಎದ್ದು ಅರ್ಧ ಮೈಲಿಯೊಳಗೆ ಕೂರುವ ದೂಳು ಹತ್ತಿರದ ಮನೆಯವರ ಎದೆಗೆ ಇಳಿಯುತ್ತದೆ, ಹಿಪ್ಪುನೇರಳೆ ಸೊಪ್ಪಿನ ಮೇಲೆ ಬೀಳುತ್ತದೆ. ಆ ಸಣ್ಣ ದೂಳಿನ ಮೋಡವನ್ನು ಈ ಉಪಗ್ರಹಗಳು ಬೇರೆಯಾಗಿ ಗುರುತಿಸಲಾರವು. ಹತ್ತಿರದ ದೂಳನ್ನು ಅಳೆಯಲು ನೆಲದ ಮೇಲೆ ಯಂತ್ರ ಇಡಬೇಕು, ಅದನ್ನು ನೋಡಿಕೊಳ್ಳಲು ಜನ ಬೇಕು. ಹತ್ತು ಸಾವಿರ ಮೈಲಿ ಆಚೆಯ ದೂಳಿಗೆ ವಿಳಾಸ ಸಿಕ್ಕಿರುವಾಗ ಊರ ಪಕ್ಕದ ದೂಳಿನ ಲೆಕ್ಕ ಇಡುವುದು ಅಸಾಧ್ಯವಾದ ಕೆಲಸವೇನಲ್ಲ, ಮನಸ್ಸು ಮಾಡಬೇಕಷ್ಟೆ.

ಕಾಡಿನ ಬೆಂಕಿಯ ವಿಷಯದಲ್ಲಿ ಅಂಥ ವ್ಯವಸ್ಥೆಯೊಂದು ಬೆಳೆದಿದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ 2004ರಿಂದ ಉಪಗ್ರಹಕ್ಕೆ ಕಂಡ ಬೆಂಕಿಯ ಸುದ್ದಿಯನ್ನು ರಾಜ್ಯಗಳ ಅರಣ್ಯ ಇಲಾಖೆಗಳಿಗೆ ತಿಳಿಸುತ್ತ ಬಂದಿದೆ. ಅಕ್ಷಾಂಶ ರೇಖಾಂಶಗಳ ಸಹಿತ ಆ ಎಚ್ಚರಿಕೆ ಈಗ ಸಿಬ್ಬಂದಿಯ ಮೊಬೈಲಿಗೇ ಬರುತ್ತದೆ. ಹೆಸರು ನೋಂದಾಯಿಸಿಕೊಂಡರೆ ಸಾರ್ವಜನಿಕರೂ ಪಡೆಯಬಹುದು.

ಆದರೆ ಆ ಅಂಕಿಗಳು ಬೆಂಕಿಯನ್ನು ಆರಿಸುವುದಿಲ್ಲ. ಅದು ಕಾಡಿನ ಬೆಂಕಿಯೋ, ಯಾರೋ ಹೊಲದ ಕಸಕ್ಕೆ ಹಚ್ಚಿದ ಕಿಚ್ಚೋ ಎಂದು ಯಾರಾದರೂ ಹೋಗಿ ನೋಡಬೇಕು. ಕಾಡಿನದೇ ಆದರೆ ಬೆಂಕಿ ಕಾವಲಿನವರು ಬಂಡೆಗಳ ನಡುವೆ ಹತ್ತಿ, ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಬಡಿದು ಆರಿಸಬೇಕು. ಭಾರತದ ಕಾಡುಗಳಿಗೆ ಬೀಳುವ ಬೆಂಕಿಯಲ್ಲಿ ಬಹುಪಾಲು ಮನುಷ್ಯರಿಂದಲೇ ಆದದ್ದು. ಹೊಸ ಹುಲ್ಲು ಚಿಗುರಲೆಂದು ಇಟ್ಟದ್ದೋ, ಆರಿಸದೆ ಬಿಸಾಡಿದ ಬೀಡಿಯಿಂದ ಹತ್ತಿದ್ದೋ ಎಂಬುದನ್ನು ಉಪಗ್ರಹ ಹೇಳಲಾರದು. ಕೈವಾರದ ಬೆಟ್ಟದ ಬುಡದಲ್ಲಿರುವವರಿಗೆ ಬಹಳ ಸಲ ಅದು ಗೊತ್ತಿರುತ್ತದೆ. ಬೆಂಕಿ ಎಲ್ಲಿ ಎಂಬ ಪ್ರಶ್ನೆಗೆ ಈಗ ಮೇಲಿನಿಂದ ಉತ್ತರ ಬರುತ್ತದೆ. ಯಾಕೆ ಎಂಬ ಪ್ರಶ್ನೆಯನ್ನು ಊರಿನಲ್ಲೇ ಕೇಳಬೇಕು.